ಮೈಕಣ್ಣನ ಹೆಂಡತಿ ಬಂದು ತಲುಪಿದ್ದು

ಒಳ್ಳೆಯ ಅಭ್ಯಾಸಗಳ ಮೇಲೆ ನನಗೆ ದ್ವೇಷವೇನೂ ಇಲ್ಲ. ದೂರದಿಂದ ನೋಡಿ ಗೌರವಿಸುತ್ತೇನೆ. ಸೂರ್ಯನಿಗಿಂತ ಮೊದಲು ಏಳುವವರು, ತಣ್ಣೀರು ಸುರಿದುಕೊಳ್ಳುವವರು, ಎದ್ದ ಕೂಡಲೇ ಹಾಸಿಗೆ ಮಡಿಸುವವರು, ಇವರೆಲ್ಲ ಜೀವನದಲ್ಲಿ ಮುಂದೆ ಬರುತ್ತಾರಂತೆ. ಬರಲಿ. ನಾನು ಹಿಂದೆ ಉಳಿದು ಅವರ ಗಂಟುಮೂಟೆ ನೋಡಿಕೊಳ್ಳುತ್ತೇನೆ. ನನ್ನ ಉದ್ಯೋಗವೂ ಅದೇ. ನಮ್ಮ ಬಸ್ ನಿಲ್ದಾಣದಲ್ಲಿ ಪ್ರಯಾಣಿಕರು ಇಟ್ಟುಹೋಗುವ ಪೆಟ್ಟಿಗೆ, ಚೀಲಗಳನ್ನು ಕಾಯುವ ಕೊಠಡಿಯ ಗುಮಾಸ್ತ ನಾನು. ಆದರೆ ಒಂದು ಒಳ್ಳೆಯ ಅಭ್ಯಾಸ ಒಬ್ಬ ಸಾಧು ಮನುಷ್ಯನನ್ನು ಯಾವ ಪಾಡಿಗೆ ತಂದಿತೆಂಬುದನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಹಾಗಾಗಿ ಈ ವಿಷಯದಲ್ಲಿ ಬಾಯಿ ಹಾಕುವ ಅಧಿಕಾರ ನನಗಿದೆ.

ಆ ಸಾಧು ಮನುಷ್ಯನನ್ನು ಎಲ್ಲರೂ ಮೈಕಣ್ಣ ಎನ್ನುತ್ತೇವೆ. ನನ್ನ ಕೊಠಡಿಯ ತಲೆಯ ಮೇಲೆ, ಮರದ ಮೆಟ್ಟಿಲು ಹತ್ತಿ ಹೋದರೆ, ಗಾಜಿನ ಕಿಟಕಿಯ ಸಣ್ಣ ಗೂಡಿದೆ. ಅಲ್ಲಿ ಕೂತು ಯಾವ ಬಸ್ಸು ಬಂತು, ಯಾವುದು ಹೊರಟಿತು ಎಂದು ಧ್ವನಿವರ್ಧಕದಲ್ಲಿ ಹೇಳುವುದು ಅವನ ಕೆಲಸ. ಮೈಕಿನಲ್ಲಿ ಅವನ ಕಂಠ ಕೇಳಿದವರು ಆಳು ಬಾಗಿಲಲ್ಲಿ ತಲೆ ತಗ್ಗಿಸಿಯೇ ಬರಬೇಕಾದಷ್ಟು ಎತ್ತರವಿರಬೇಕು ಎಂದುಕೊಳ್ಳುತ್ತಾರೆ. ಮೈಕಿನಿಂದ ಈಚೆಗೆ ಬಂದರೆ ಎದುರು ಕೂತವರೂ "ಏನಂದ್ರಿ?" ಎಂದು ಕೇಳಬೇಕು. ಅದೂ ಅವನು ಮಾತಾಡಿದರೆ. ತನಗೆ ಇಂಥದ್ದು ಬೇಕು ಎಂದು ಅವನು ಬಾಯಿಬಿಟ್ಟು ಕೇಳಿದ್ದನ್ನು ನಾನಂತೂ ಕಂಡಿಲ್ಲ. ಚಹಾ ಅಂಗಡಿಯಲ್ಲಿ ಸಕ್ಕರೆ ಹಾಕದೆ ಕೊಟ್ಟರೂ ಕುಡಿಯುತ್ತಿದ್ದ, ಬೇರೆಯವರ ಲೋಟ ಎದುರಿಗೆ ಬಂದರೆ ಅದನ್ನೂ ಕುಡಿಯುತ್ತಿದ್ದ.

ನಿಲ್ದಾಣದ ಹಿಂದೆ ನೌಕರರ ಮನೆಗಳ ಸಾಲು. ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವನ ಹೆಂಡತಿಯನ್ನು ನಾವು ಅತ್ತಿಗೆ ಎನ್ನುತ್ತೇವೆ. ಅವರು ಬಟ್ಟೆ ಗಿರಣಿಯಲ್ಲಿ ಪರೀಕ್ಷಕಿ. ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ನೇಯ್ದ ಬಟ್ಟೆ ಸರಿಯುತ್ತಿದ್ದರೆ, ಎಲ್ಲಿ ಎಳೆ ತಪ್ಪಿದೆ ಎಂದು ಹಿಡಿಯುವುದು ಅವರ ಕೆಲಸ. ಆ ಕಣ್ಣು ಮನೆಗೂ ಬರುತ್ತಿತ್ತು. ನನ್ನ ಅಂಗಿಯ ಗುಂಡಿ ಬೇರೆ ಬಣ್ಣದ ದಾರದಲ್ಲಿ ಹೊಲಿದದ್ದು ನಮ್ಮ ಅಂಗಳದಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ಗಿರಣಿಯವರು ಅವರಿಗೆ ಬಡ್ತಿ ಕೊಟ್ಟು ಅರ್ಧ ದಿನದ ಪ್ರಯಾಣದ ಊರಿನ ಹೊಸ ಗಿರಣಿಗೆ ಕಳಿಸಿದರು. ಒಂದೇ ವರ್ಷ ಎಂದಿದ್ದರು. ವರ್ಷ ದಾಟಿತು. ಮೊದಮೊದಲು ರಜೆ ಬಂದಾಗಲೆಲ್ಲ ಬರುತ್ತಿದ್ದ ಅತ್ತಿಗೆ, ಆಮೇಲೆ ರಜೆ ಬಿಟ್ಟು ರಜೆಗೆ, ಆಮೇಲೆ ಪುರುಸೊತ್ತಾದಾಗ ಬರತೊಡಗಿದರು. ಈಗ ಅಲ್ಲಿಯ ಮೇಲಧಿಕಾರಿಗಳು, ಇಲ್ಲೇ ಕಾಯಂ ಆಗಿ ಇದ್ದುಬಿಡಿ, ತಿಂಗಳ ಕೊನೆಗೆ ಹೂಂ ಅಥವಾ ಊಹೂಂ ಹೇಳಿ ಎಂದಿದ್ದರು.

ಈ ಸುದ್ದಿಯನ್ನು ಮೈಕಣ್ಣ ಹೇಳಿದಾಗ ನಾನು ಎರಡು ಸಲ ಕೇಳಿಸಿಕೊಳ್ಳಬೇಕಾಯಿತು. ನೀನೇನಂದೆ ಎಂದು ಕೇಳಿದೆ. "ಏನನ್ನಲಿ, ನಿನ್ನಿಷ್ಟ ಅಂದೆ" ಎಂದ. ಹೇಳಿ ಕಿಟಕಿಯ ಕಡೆ ನೋಡಿದ. ಆ ಊರಿನ ಬಸ್ಸು ಬಂದಾಗಲೆಲ್ಲ ಅವನು ಹಾಗೆಯೇ ನೋಡುತ್ತಿದ್ದ. ಕೊನೆಯ ಪ್ರಯಾಣಿಕ ಇಳಿದು, ಕಂಡಕ್ಟರು ಬಾಗಿಲು ಹಾಕಿಕೊಂಡ ಮೇಲೂ ನೋಡುತ್ತಿದ್ದ. ಬೇರೆ ಬಸ್ಸುಗಳ ಆಗಮನವನ್ನು ಒಂದು ಸಲ ಹೇಳಿದರೆ ಈ ಬಸ್ಸಿನದನ್ನು ಎರಡು ಸಲ ಹೇಳುತ್ತಿದ್ದ. ಎರಡನೆಯ ಸಲ ಹೇಳಿದರೆ ಯಾರಾದರೂ ಇಳಿಯಬಹುದೇನೋ ಎಂಬ ಆಸೆ ಅವನಿಗಿತ್ತು ಎಂದು ನಾನು ತಿಳಿದುಕೊಂಡಿದ್ದೇನೆ. ಪಾಪದ ಮನುಷ್ಯ.

ಈ ಹೊತ್ತಿಗೆ ಸರಿಯಾಗಿ ಅವನ ಭಾವಮೈದುನ ವಕ್ಕರಿಸಿದ. ಅಕ್ಕ ಇಲ್ಲದ ಮನೆಗೆ ತಮ್ಮ ಯಾಕೆ ಬಂದನೆಂದರೆ, ಗುರಿ ಮುಟ್ಟುವುದು ಹೇಗೆಂದು ಭಾಷಣ ಮಾಡುವುದು ಅವನ ಕಸುಬು. ಯಾವುದೋ ಕಂಪನಿಯವರು ತಮ್ಮ ಕೆಲಸಗಾರರಿಗೆ ಬುದ್ಧಿ ಹೇಳಿಸಲು ಅವನನ್ನು ಕರೆಸಿದ್ದರು. ಅವನು ಸ್ವತಃ ಯಾವ ಗುರಿ ಮುಟ್ಟಿದ್ದಾನೆಂದು ನಾವು ಕೇಳಲು ಹೋಗಲಿಲ್ಲ, ಕೋಟು ಚೆನ್ನಾಗಿತ್ತು. ಬಿಸಿಲು ಕಿಟಕಿ ದಾಟಿ ಹೊಟ್ಟೆಯ ಮೇಲೆ ಬಿದ್ದ ನಂತರ ಎದ್ದು, ಬಿಸಿನೀರು ಕೇಳಿ ಸ್ನಾನ ಮಾಡಿ, ನಮ್ಮಿಬ್ಬರನ್ನೂ ಕೂರಿಸಿಕೊಂಡು ಒಳ್ಳೆಯ ಅಭ್ಯಾಸಗಳ ಪಾಠ ಶುರು ಮಾಡಿದ. ಬೇಗ ಏಳಬೇಕು. ತಣ್ಣೀರು ಹಾಕಿಕೊಳ್ಳಬೇಕು. ಹಾಸಿಗೆಯನ್ನು ಸುಕ್ಕಿಲ್ಲದಂತೆ ಮಡಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ದಿನವೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಮನಸ್ಸಿನ ಆಸೆಯನ್ನು ಬಾಯಿಬಿಟ್ಟು ಹೇಳಬೇಕು, ಅದೂ ಆಗಲೇ ಕೈಗೂಡಿದೆ ಎಂಬಂತೆ.

"ಆಗಲಿ ಅನ್ಬಾರದು ಭಾವ. ಆಗಿದೆ ಅನ್ಬೇಕು. ಯಾರ ಹತ್ರಾನೂ ಏನೂ ಕೇಳ್ಬೇಡಿ. ಕೇಳೋನು ಬಾಗಿಲಲ್ಲೇ ನಿಂತಿರ್ತಾನೆ" ಎಂದ.

ಯಾರನ್ನೂ ಏನೂ ಕೇಳಬೇಕಾಗಿಲ್ಲ ಎಂಬ ಮಾತು ಮೈಕಣ್ಣನಿಗೆ ಎಷ್ಟು ಹಿತವಾಯಿತೆಂದರೆ, ಭಾವಮೈದುನ ಊರು ಬಿಟ್ಟ ಮರುದಿನವೇ ಗೋಡೆಯಾಚೆಯಿಂದ ಆರ್ತನಾದ ಕೇಳಿಬಂತು. ನನ್ನ ಹೆಂಡತಿ ಗಾಬರಿಯಾಗಿ ಓಡಿಹೋಗಿ ನೋಡಿದರೆ ತಣ್ಣೀರು ಸ್ನಾನ. ದಿನಾ ಅದೇ ಪಾಡು. ಅಲಾರಂ ಇಟ್ಟು ಅವನು ಏಳುತ್ತಿದ್ದ, ಅವನ ಕೂಗಿಗೆ ನಾವು ಏಳುತ್ತಿದ್ದೆವು. ಹೀಗೆ ಅವನ ಒಳ್ಳೆಯ ಅಭ್ಯಾಸದಿಂದ ಇಡೀ ಸಾಲಿನ ಮನೆಗಳವರು ಉದ್ಧಾರದ ದಾರಿ ಹಿಡಿದರು.

ಆಸೆಯನ್ನು ಬಾಯಿಬಿಟ್ಟು ಹೇಳುವುದು ಮಾತ್ರ ಅವನಿಂದಾಗಲಿಲ್ಲ. ಮನೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದನಂತೆ, ಕೆಮ್ಮುತ್ತಿದ್ದನಂತೆ, ಮಾತು ಹೊರಡುತ್ತಿರಲಿಲ್ಲವಂತೆ. ಅವನಿಗೆ ಮಾತು ಬರುತ್ತಿದ್ದುದು ಮೈಕ್ ಹಿಡಿದಾಗ ಮಾತ್ರ. ಗೂಡಿನ ಮೂಲೆಯಲ್ಲಿ ಹಳೆಯ ಮೈಕೊಂದಿತ್ತು. ತಂತಿ ಕಿತ್ತು, ಸತ್ತು, ಧೂಳು ತಿನ್ನುತ್ತಿತ್ತು. ಮೈಕಣ್ಣ ಅದನ್ನು ಒರೆಸಿ, ಬೆಳಗಿನ ಮೊದಲ ಬಸ್ಸಿಗೆ ಮುಂಚೆ ಅದರ ಗುಂಡಿ ಒತ್ತಿ, ತನ್ನ ಆಸೆಯನ್ನು ಅದಕ್ಕೆ ಹೇಳತೊಡಗಿದ. ಸತ್ತ ಮೈಕು ಯಾರಿಗೆ ಹೇಳೀತು? ಅವನಿಗೂ ನಿರಾಳ, ಲೋಕಕ್ಕೂ ನಿರಾಳ.

ಒಂದು ದಿನ ಹೊಸ ಮೈಕು ಕೆಟ್ಟಿತು. ನಿಲ್ದಾಣದ ಎಲೆಕ್ಟ್ರಿಷಿಯನ್ ಮುಂಜಾನೆಯೇ ಬಂದು, ಹಳೆಯದಕ್ಕೆ ತಂತಿ ಕೂಡಿಸಿ, ಅದನ್ನು ಜೀವಂತ ಮಾಡಿ, ಹೊಸದನ್ನು ರಿಪೇರಿಗೆ ಎತ್ತಿಕೊಂಡು ಹೋದ. ಹೇಳಿ ಹೋಗುವ ಅಭ್ಯಾಸ ಅವನಿಗಿರಲಿಲ್ಲ. ತಣ್ಣೀರು ಸ್ನಾನ ಮುಗಿಸಿ ನಡುಗುತ್ತ ಬಂದ ಮೈಕಣ್ಣ ಎಂದಿನಂತೆ ಹಳೆಯ ಮೈಕನ್ನು ಕೈಗೆತ್ತಿಕೊಂಡ. ನಿಲ್ದಾಣದ ಅಷ್ಟೂ ಧ್ವನಿವರ್ಧಕಗಳು ಒಟ್ಟಿಗೆ ನುಡಿದವು:

"ದಯವಿಟ್ಟು ಗಮನಿಸಿ. ನನ್ನ ಹೆಂಡತಿ ಊರಿಗೆ ಬಂದು ತಲುಪಿದ್ದಾಳೆ. ಮತ್ತೆ ಹೊರಡುವುದಿಲ್ಲ. ಧನ್ಯವಾದ."

ಹಮಾಲನೊಬ್ಬ ಹೊತ್ತ ಪೆಟ್ಟಿಗೆಯನ್ನು ಕೆಳಗಿಟ್ಟು ಮೇಲೆ ನೋಡಿದ. ಹೊರಡಲು ನಿಂತಿದ್ದ ಬಸ್ಸಿನಲ್ಲಿ ಒಬ್ಬ ಮುದುಕರು, ಯಾವ ಪ್ಲಾಟ್‌ಫಾರ್ಮು ಅಂದ ಎಂದು ಪಕ್ಕದವರನ್ನು ಕೇಳಿದರು. ಚಹಾ ಅಂಗಡಿಯ ಅಕ್ಕ ಸೌಟು ಹಿಡಿದುಕೊಂಡೇ ಮೆಟ್ಟಿಲು ಹತ್ತಿದಳು. ಮೈಕಣ್ಣ ಆ ಊರಿನ ಬಸ್ಸನ್ನು ಹೇಗೆ ನೋಡುತ್ತಿದ್ದನೆಂದು ಕೆಳಗಿನಿಂದ ದಿನವೂ ನೋಡಿದವಳು ಅವಳು. ಅವನ ಕೈ ಹಿಡಿದು, ಕಣ್ಣು ಒರೆಸಿಕೊಂಡು, ಅಂತೂ ಬಂದಳಲ್ಲ ತಮ್ಮಾ ಎಂದಳು. ಆ ಕಣ್ಣೀರಿಗೆ ಇಲ್ಲ ಎನ್ನುವ ಶಕ್ತಿ ನನಗೂ ಇರುತ್ತಿರಲಿಲ್ಲ. ಮೈಕಣ್ಣ "ಹೂಂ" ಎಂದ. ಆ ಒಂದು ಹೂಂ ಅವನ ಕೊರಳಿಗೆ ಬಿತ್ತು.

ಸಂಜೆ ನನ್ನ ಹೆಂಡತಿ ಅಡುಗೆ ಮಾಡಿಕೊಂಡು ಹೋದಳು. ಮೈಕಣ್ಣ ಬಾಗಿಲನ್ನು ಪಾತ್ರೆ ತೂರುವಷ್ಟು ಮಾತ್ರ ತೆರೆದು, ಪ್ರಯಾಣದ ಆಯಾಸ, ಮಲಗಿದ್ದಾಳೆ ಎಂದ. ಮಾರನೆಯ ದಿನ, ಸ್ನಾನಕ್ಕೆ ಹೋಗಿದ್ದಾಳೆ ಎಂದ. ಆಮೇಲೆ ತಲೆನೋವು. ಆಮೇಲೆ ಮತ್ತೆ ಸ್ನಾನ. ಅಂಗಳದ ತಂತಿಯ ಮೇಲೆ ಅತ್ತಿಗೆಯ ಬಟ್ಟೆ ಒಣಗಲು ಬಂದವು, ತೊಳೆದು, ಅಂಚು ಎಳೆದು ಹರವಿದವು. ತೊಳೆಯುವ ಕಲ್ಲಿನ ಮೇಲೆ ಎರಡು ತಟ್ಟೆ, ಎರಡು ಲೋಟ. ರಾತ್ರಿ ಊಟದ ಹೊತ್ತಿಗೆ ಗೋಡೆಯಾಚೆ ಮಾತು. ಅವನು ಒಂದು ಮಾತಾಡುವುದು, ಸ್ವಲ್ಪ ಸುಮ್ಮನಿರುವುದು, ಅದಕ್ಕೆ ಉತ್ತರ ಸಿಕ್ಕಂತೆ ಮುಂದಿನ ಮಾತಾಡುವುದು. ಎಷ್ಟು ಮೆಲ್ಲಗೆ ಮಾತಾಡ್ತಾರೆ ನೋಡಿ ಅತ್ತಿಗೆ, ಅಲ್ಲಿ ಹೋಗಿ ಎಂಥ ನಯ ಕಲಿತಿದ್ದಾರೆ ಎಂದು ನನ್ನ ಹೆಂಡತಿ ನನಗೆ ಬುದ್ಧಿ ಹೇಳಿದಳು.

ನಿಲ್ದಾಣದ ಮ್ಯಾನೇಜರು ಮಾತ್ರ ವಿಷಯವನ್ನು ಗಂಭೀರವಾಗಿ ತೆಗೆದುಕೊಂಡರು. ಅವರು ಕೆಟ್ಟವರಲ್ಲ, ಆದರೆ ಲೋಕದಲ್ಲಿ ಆಗಮನ ಮತ್ತು ನಿರ್ಗಮನ ಎರಡೇ ಇವೆ ಎಂದು ನಂಬಿದವರು. ಮೈಕಣ್ಣನನ್ನು ಕರೆಸಿ, ಅಷ್ಟು ಬೆಳಿಗ್ಗೆ ಯಾವ ಬಸ್ಸೂ ಬಂದಿರಲಿಲ್ಲ, ಹೆಂಡತಿ ಯಾವುದರಲ್ಲಿ ಬಂದಳು ಎಂದು ವಿಚಾರಿಸಿದರು. ಮೈಕಣ್ಣ ನೆಲ ನೋಡಿದ. ಹಾಗಿದ್ದರೆ ತಿದ್ದುಪಡಿ ಪ್ರಕಟಣೆ ಕೊಡಲೇಬೇಕು, ಈ ನಿಲ್ದಾಣದಲ್ಲಿ ಹೇಳಿದ್ದು ಸುಳ್ಳಾಯಿತೆಂದರೆ ನಾಳೆ ಬಸ್ಸು ಬಂದಿದೆ ಎಂದರೂ ಜನ ನಂಬುವುದಿಲ್ಲ ಎಂದರು. ಒಕ್ಕಣೆಯನ್ನೂ ಅವರೇ ರಚಿಸಿ, ನಿಧಾನವಾಗಿ ಓದಿ ಹೇಳಿದರು:

"ಈ ಮೊದಲು ತಿಳಿಸಿದ್ದ ಹೆಂಡತಿಯ ಆಗಮನವನ್ನು ರದ್ದುಪಡಿಸಲಾಗಿದೆ. ಪ್ರಯಾಣಿಕರಿಗೆ ಆದ ಅನನುಕೂಲಕ್ಕೆ ವಿಷಾದಿಸುತ್ತೇವೆ."

ಮೈಕಣ್ಣ ಮೆಟ್ಟಿಲು ಹತ್ತಿದ. ನಾವೆಲ್ಲ ಕಿವಿಗೊಟ್ಟೆವು. ಧ್ವನಿವರ್ಧಕ ಗರಗರ ಎಂದಿತು, "ದಯವಿಟ್ಟು ಗಮನಿಸಿ" ಎಂದಿತು, ಅಲ್ಲಿಗೆ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಯಾವುದೋ ಊರಿನ ಬಸ್ಸು ಎಲ್ಲೋ ನಿಂತಿದೆ ಎಂದು ಹೇಳಿ ಅವನು ಇಳಿದುಬಂದು, ನನ್ನ ಕೊಠಡಿಯಲ್ಲಿ ಯಾರದೋ ಪೆಟ್ಟಿಗೆಯ ಮೇಲೆ ಕೂತ. ಆಗ ನನಗೆ ನಿಜ ಗೊತ್ತಾಯಿತು. ಭಾವಮೈದುನನ ಪಾಠ, ಸತ್ತ ಮೈಕು, ಹೂಂ ಎಂದದ್ದು, ಎಲ್ಲ ಹೇಳಿದ. ಬಂದಿಲ್ಲ ಎಂದು ಒಂದು ಮಾತು ಹೇಳಿ ಮುಗಿಸಬಾರದೇ, ಇಷ್ಟು ದಿನ ಬಟ್ಟೆ ಒಗೆದು ತಟ್ಟೆ ತೊಳೆದು ನಾಟಕ ಯಾಕೆ ಎಂದು ಗದರಿದೆ.

"ಮೊದಲು ಜನಕ್ಕೆ ತೋರಿಸೋಕೆ ಮಾಡ್ದೆ. ಈಗ ಎರಡು ತಟ್ಟೆ ಇಡದೆ ಊಟ ಸೇರಲ್ಲ ಕಣಯ್ಯಾ. ಬಂದಿಲ್ಲ ಅಂತ ನನ್ನ ಬಾಯಿಂದಾನೇ ಹೇಳಿಬಿಟ್ರೆ ಆ ತಟ್ಟೆ ಎತ್ತಿಡಬೇಕಲ್ಲ" ಎಂದ.

ಗಂಟಲು ಕಟ್ಟಿದೆ ಎಂದು ಮ್ಯಾನೇಜರಿಗೆ ಹೇಳು, ವಾರ ಕಳೆಯಲಿ ನೋಡೋಣ ಎಂದೆ. ಯಾರಿಗೂ ಹೇಳಬೇಡ ಎಂದ, ಆಗಲಿ ಎಂದೆ. ಮನೆಯಲ್ಲೂ ಹೇಳಲಿಲ್ಲ. ಹೇಳಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ.

ಏಕೆಂದರೆ ಅಷ್ಟರಲ್ಲಿ ನನ್ನ ಹೆಂಡತಿಯ ನಯದ ಅಭಿಪ್ರಾಯ ತಲೆಕೆಳಗಾಗಿತ್ತು. ಬಂದು ಇಷ್ಟು ದಿನವಾದರೂ ಒಂದು ಸಲ ಹೊಸಿಲು ದಾಟಿ ಮುಖ ತೋರಿಸಲಿಲ್ಲ, ಕೊಟ್ಟ ಪಾತ್ರೆ ಹಿಂದಕ್ಕೆ ಬರಲಿಲ್ಲ, ಬಡ್ತಿ ನೆತ್ತಿಗೇರಿದೆ ಎಂದು ಒಳಗೊಳಗೇ ಕುದಿಯುತ್ತಿದ್ದಳು. ಕೊನೆಗೆ ತಡೆಯಲಾರದೆ ಅತ್ತಿಗೆಗೆ ಫೋನ್ ಮಾಡಿದಳು. ಅಲ್ಲಿ ಗಿರಣಿಯಲ್ಲಿ ಬಟ್ಟೆಯ ಮೇಲೆ ಕಣ್ಣಿಟ್ಟು ಕೂತಿದ್ದ ಅತ್ತಿಗೆಗೆ ಕೇಳಿದ್ದು ಇಷ್ಟು. ಗೋಡೆಯಾಚೆ ಇದ್ದೂ ಮಾತಿಲ್ಲ. ತಂತಿಯ ಮೇಲೆ ಬಟ್ಟೆ ಒಣಗುತ್ತವೆ, ಎರಡು ತಟ್ಟೆ ತೊಳೆಯುತ್ತೀರಿ, ಊಟದ ಹೊತ್ತಿಗೆ ಗಂಡನ ಹತ್ತಿರ ಪಿಸುಪಿಸು ಮಾತಾಡುತ್ತೀರಿ, ನಾನು ಬಂದರೆ ಮಾತ್ರ ಸ್ನಾನಕ್ಕೆ ಹೋಗುತ್ತೀರಿ.

ಅತ್ತಿಗೆ, ಬಟ್ಟೆ ಯಾವ ಬಣ್ಣದ್ದು ಎಂದು ಮಾತ್ರ ಕೇಳಿದರಂತೆ.

ಮರುದಿನ ಮಧ್ಯಾಹ್ನ ಆ ಊರಿನ ಬಸ್ಸು ಬಂತು. ಮೈಕಣ್ಣ ಎಂದಿನಂತೆ ಆಗಮನವನ್ನು ಒಂದು ಸಲ ಹೇಳಿದ. ಎರಡನೆಯ ಸಲ ಹೇಳಲು ಹೊರಟವನ ಮಾತು "ಬಂದು" ಎಂಬಲ್ಲಿಗೆ ತುಂಡಾಯಿತು. ಬಸ್ಸಿನಿಂದ ಅತ್ತಿಗೆ ಇಳಿದಿದ್ದರು. ಮುಖ ಗಂಟಿಕ್ಕಿತ್ತು. ಮೇಲೆ ನೋಡಲಿಲ್ಲ, ಯಾರನ್ನೂ ಮಾತಾಡಿಸಲಿಲ್ಲ, ಚೀಲ ಹಿಡಿದು ನೇರ ಮನೆಯ ಕಡೆ ನಡೆದರು. ಚಹಾ ಅಂಗಡಿಯ ಅಕ್ಕ ಸೌಟು ಬಿಟ್ಟು ಬಾಯಿಗೆ ಕೈ ಇಟ್ಟಳು. ಮ್ಯಾನೇಜರು ಹೊರಗೆ ಬಂದು, ತಿದ್ದುಪಡಿ ಇನ್ನೂ ಪ್ರಕಟವಾಗಿಲ್ಲ, ಹಾಗಾದರೆ ಈಕೆ ಹೊರಟದ್ದು ಯಾವಾಗ, ಹೊರಡದೆ ಮತ್ತೆ ಬಂದದ್ದು ಹೇಗೆ ಎಂದು ನನ್ನನ್ನು ಕೇಳಿದರು. ಸಾಮಾನಿನ ವಿಷಯವಾದರೆ ಹೇಳಬಲ್ಲೆ, ಇದು ನನ್ನ ಕೊಠಡಿಗೆ ಸೇರಿದ್ದಲ್ಲ ಎಂದೆ.

ಮನೆಯಲ್ಲಿ ನಡೆದದ್ದನ್ನು ನನ್ನ ಹೆಂಡತಿ ಹೇಳಿದ್ದು. ಅವಳೂ ಜೊತೆಗೇ ಒಳಗೆ ಹೋಗಿದ್ದಳು, ಹೋಗದೆ ಇರುವ ಪೈಕಿಯಲ್ಲ. ಅತ್ತಿಗೆ ಇಡೀ ಮನೆಯನ್ನು ಗಾಜಿನ ಮೇಜಿನ ಮೇಲೆ ಹಾಕಿದವರಂತೆ ನೋಡಿದರಂತೆ. ಬಾಗಿಲ ಹಿಂದೆ ನೋಡಿದರು, ಕಪಾಟು ತೆರೆದರು, ದಿಂಬಿನ ಮೇಲೆ ಕೂದಲು ಹುಡುಕಿದರು. ಹಾಸಿಗೆ ಸುಕ್ಕಿಲ್ಲದೆ ಮಡಿಸಿತ್ತು. ಅವರ ಬಟ್ಟೆಗಳನ್ನು ಮಡಿಸಿ, ಅವರು ಇಡುತ್ತಿದ್ದ ಜಾಗದಲ್ಲೇ ಇಟ್ಟಿತ್ತು. ಅವರ ಬಾಚಣಿಗೆ ತೊಳೆದಿತ್ತು. ಅಡುಗೆಮನೆಯಲ್ಲಿ ಅವರು ಕೂರುವ ಕಡೆ ಅವರದೇ ತಟ್ಟೆ, ಪಕ್ಕದಲ್ಲಿ ಲೋಟ, ಲೋಟದ ತುಂಬ ನೀರು. ಬೇರೆ ಹೆಂಗಸಿನ ಒಂದು ಎಳೆಯೂ ಆ ಮನೆಯಲ್ಲಿ ಸಿಗಲಿಲ್ಲ. ಎಲ್ಲಿ ನೋಡಿದರೂ ಅವರಿಗೆ ಅವರೇ ಸಿಕ್ಕರು. ಅತ್ತಿಗೆ ಆ ತಟ್ಟೆಯ ಮುಂದೆ ಕೂತುಬಿಟ್ಟರಂತೆ. ನನ್ನ ಹೆಂಡತಿಗೆ ಆಗ ಪಾತ್ರೆಯ ವಿಷಯ ಎತ್ತಲು ಬಾಯಿ ಬರಲಿಲ್ಲವಂತೆ.

ಆಮೇಲೆ ಅತ್ತಿಗೆ ನಿಲ್ದಾಣಕ್ಕೆ ಬಂದು ಗೂಡಿನ ಮೆಟ್ಟಿಲು ಹತ್ತಿದರು. ನನ್ನ ಕೊಠಡಿಯ ಸೂರು ಹಲಗೆಯದು, ಮೇಲಿನ ಮಾತು ಬೇಡವೆಂದರೂ ಕೇಳುತ್ತದೆ. ನಾನು ಬೇಡ ಎನ್ನಲಿಲ್ಲ. ಮೈಕಣ್ಣ ಗೊಣಗುಟ್ಟುತ್ತ ಎಲ್ಲವನ್ನೂ ಒಪ್ಪಿಸಿದ. ನಿನ್ನ ತಮ್ಮ ಹೇಳಿದ್ದು, ಆಗಿದೆ ಅಂದರೆ ಆಗುತ್ತದಂತೆ, ದಿನಾ ಹೇಳಬೇಕಂತೆ ಎಂದ. ಅವನ ಮಾತು ಕೇಳಿ ಕೆಟ್ಟವರಲ್ಲಿ ನೀವೇ ಮೊದಲಿನವರಲ್ಲ ಎಂದು ಅತ್ತಿಗೆ ತಮ್ಮನನ್ನು ಒಂದೇ ಮಾತಿನಲ್ಲಿ ಮುಗಿಸಿದರು. ಆಮೇಲೆ ಅವರ ದನಿ ಇಳಿಯಿತು.

"ತಟ್ಟೆಗೆ ಹೇಳಿದ್ರಿ, ಮೈಕಿಗೆ ಹೇಳಿದ್ರಿ, ಊರಿಗೆಲ್ಲ ಹೇಳಿದ್ರಿ. ನನಗೆ ಹೇಳಿದ್ರಾ?"

"ಏನಂತ?"

"ಬಾ ಅಂತ."

ಹಲಗೆ ಒಮ್ಮೆ ಕಿರುಗುಟ್ಟಿತು. ನಿನ್ನ ಬಡ್ತಿ, ನಿನ್ನ ಕೆಲಸ, ನಾನು ಅಡ್ಡ ಬರಬಾರದು ಅಂತ ಎಂದು ಮೈಕಣ್ಣ ಏನೋ ಹೇಳಲು ನೋಡಿದ.

"ನಮ್ಮ ಆಫೀಸರು ಕೇಳಿದ್ರು, ಮನೇಲಿ ಏನಂತಾರೆ ಅಂತ. ಏನೂ ಅನ್ನಲ್ಲ ಅಂದೆ. ಹಾಗಿದ್ರೆ ಇಲ್ಲೇ ಇದ್ದುಬಿಡಿ ಅಂದ್ರು. ನನಗೂ ಹಾಗೇ ಅನ್ನಿಸ್ತು. ಬೇಡ ಅನ್ನೋಕೆ ನನ್ನ ಹತ್ರ ಒಂದು ಮಾತೂ ಇರಲಿಲ್ಲ" ಎಂದರು ಅತ್ತಿಗೆ.

ನಾನು ಕೆಳಗೆ ಪೆಟ್ಟಿಗೆಗಳ ನಡುವೆ ಸೂರಿಗೆ ಕಿವಿಗೊಟ್ಟು ನಿಂತೆ. ಇಷ್ಟು ವರ್ಷ ಅವನ ಮಾತು ಬೇಡವೆಂದರೂ ಕಿವಿಗೆ ಬಿದ್ದಿದೆ. ಯಾವ ಬಸ್ಸು, ಯಾವ ಊರು, ಎಷ್ಟು ತಡ, ಎಲ್ಲ. ಈಗ ಒಂದೇ ಒಂದು ಮಾತು ಕೇಳಬೇಕಿತ್ತು. ಮೊದಲು "ದಯವಿಟ್ಟು ಗಮನಿಸಿ" ಎಂದದ್ದು ಕೇಳಿಸಿತು. ಅಭ್ಯಾಸ ಎಂದರೆ ಅಷ್ಟು ಹಾಳಾದ್ದು. ಆಮೇಲೆ ಕೆಮ್ಮು. ಆಮೇಲೆ ಅವನು ಹೇಳಿದ. ಹೇಳಿದ ಎಂದು ಗೊತ್ತಾದದ್ದು ಅತ್ತಿಗೆ ಮೂಗು ಒರೆಸಿಕೊಂಡ ಸದ್ದಿನಿಂದ. ಮಾತು ಮಾತ್ರ ಹಲಗೆಯ ಕೆಳಗೆ ಇಳಿಯಲಿಲ್ಲ.

"ಕೇಳಿಸ್ಲಿಲ್ಲ" ಎಂದರು ಅತ್ತಿಗೆ. ಅವರಿಗೆ ಕೇಳಿಸಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅವನು ಇನ್ನೊಂದು ಸಲ ಹೇಳಿದ. ಈ ಸಲ ನನಗೂ ಕೇಳಿಸಿತು.

"ಮನೆಗೆ ಬಂದುಬಿಡೇ. ನನಗೆ ಆಗ್ತಿಲ್ಲ."

ಆ ಸಂಜೆಯ ಬಸ್ಸಿಗೇ ಅತ್ತಿಗೆ ವಾಪಸು ಹೊರಡಬೇಕಿತ್ತು. ಬೆಳಿಗ್ಗೆ ಕೆಲಸಕ್ಕೆ ಹಾಜರಾಗಿ, ಇಲ್ಲಿ ಇರುವುದಿಲ್ಲ ಎಂದು ಆಫೀಸರಿಗೆ ಹೇಳಿ, ಅವರ ಜಾಗಕ್ಕೆ ಬರುವವರಿಗೆ ಕೆಲಸ ಕಲಿಸಿ, ಆಮೇಲೆ ಬರುವುದು. ಅದಕ್ಕೆ ಎಷ್ಟು ತಿಂಗಳು ಹಿಡಿಯುತ್ತದೋ ಗಿರಣಿಯವರೇ ಬಲ್ಲರು. ಅತ್ತಿಗೆ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತರು. ಹೊರಡುವ ಹೊತ್ತಾಯಿತು. ಪ್ರಕಟಣೆಯಾಗದೆ ಬಸ್ಸು ಹೊರಡಬಾರದೆಂದು ನಮ್ಮ ಮ್ಯಾನೇಜರ ಕಟ್ಟಪ್ಪಣೆ. ಪ್ರಕಟಣೆ ಮಾಡಬೇಕಾದವನು ಗೂಡು ಬಿಟ್ಟು ಬಂದು ಕಿಟಕಿಯ ಕೆಳಗೆ ನಿಂತಿದ್ದ. ಡ್ರೈವರು ಹಾರನ್ ಹೊಡೆದ. ಮೈಕಣ್ಣ ಕದಲಲಿಲ್ಲ. ಒಳಗಿನ ಜನ ಗೊಣಗಿದರು, ಕಂಡಕ್ಟರು ಇಳಿದುಬಂದು ಕೈಮುಗಿದ. ಮ್ಯಾನೇಜರು ದೂರದಿಂದಲೇ ಗಡಿಯಾರ ತೋರಿಸಿದರು. ಮೈಕಣ್ಣ ಕಿಟಕಿಯ ಸರಳು ಹಿಡಿದುಕೊಂಡು, ಇವತ್ತೊಂದು ದಿನ ಈ ಬಸ್ಸು ತಡವಾಗಲಿ ಎಂದ.

ಅತ್ತಿಗೆ ಅವನ ಕೈ ಮೇಲೆ ಕೈ ಇಟ್ಟರು.

"ಹೋಗಿ ಹೇಳಿ. ಹೋದ್ರೆ ತಾನೆ ಬರೋಕಾಗೋದು" ಎಂದರು.

ಮೈಕಣ್ಣ ಮೆಟ್ಟಿಲು ಹತ್ತಿ ಹೋದ. ಬಸ್ಸು ಹೊರಡುತ್ತಿದೆ ಎಂದು ಹೇಳಿದ. ಒಂದೇ ಸಲ ಹೇಳಿದ. ಹೇಳಿ ಮುಗಿದ ಮೇಲೆ ಮೈಕಿನ ಗುಂಡಿ ಬಿಡುವುದು ಅವನಿಗೆ ಮರೆತುಹೋಯಿತು. ಬಸ್ಸು ಹಿಂದೆ ಸರಿದು, ತಿರುಗಿ, ನಿಲ್ದಾಣದ ಬಾಗಿಲು ದಾಟಿ ಮೂಲೆಯಲ್ಲಿ ಮರೆಯಾಗುವ ತನಕ, ಎಲ್ಲ ಧ್ವನಿವರ್ಧಕಗಳಲ್ಲೂ ಅವನ ಉಸಿರು ಮಾತ್ರ ಕೇಳುತ್ತಿತ್ತು. ಹಮಾಲರು ಪೆಟ್ಟಿಗೆ ಎತ್ತಲಿಲ್ಲ. ಯಾರೂ ಅವನನ್ನು ಕೂಗಿ ಎಚ್ಚರಿಸಲಿಲ್ಲ. ಮ್ಯಾನೇಜರೂ ಸುಮ್ಮನೆ ನಿಂತಿದ್ದರು.